ಫಿಶ್ ಫೈಂಡರ್ ಕೊಳ್ಳುವವರೇ, ಅಂಗಡಿಯ ಮೇಜಿನ ಮೇಲೆ ಈಜುವ ಮೀನುಗಳನ್ನು ನಂಬಬೇಡಿ

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ಗಾಳದ ಹುಚ್ಚಿನವರೆಲ್ಲ ದಯವಿಟ್ಟು ಓದಿ. ಫಿಶ್ ಫೈಂಡರ್, ಅಂದರೆ ನೀರಿನಡಿಯ ಮೀನನ್ನು ಪರದೆಯಲ್ಲಿ ತೋರಿಸುವ ಯಂತ್ರ, ಕೊಳ್ಳಲು ಮಂಗಳೂರಿನ ಬಸ್ ಹತ್ತುವ ಮೊದಲೇ ಓದಿ. 26,500 ರೂಪಾಯಿ ಎಣಿಸಿ ಕೊಟ್ಟು ನಾನು ಮನೆಗೆ ತಂದದ್ದು ಮೀನಿನ ವಿಡಿಯೊ ತೋರಿಸುವ ಒಂದು ಪೆಟ್ಟಿಗೆ. ದೂರು ನಡೆಯುತ್ತಿರುವುದರಿಂದ ಅಂಗಡಿಯ ಹೆಸರು ಬರೆಯುವುದಿಲ್ಲ. ಅಂಗಡಿಯವ ಆಡಿದ ಮಾತುಗಳನ್ನು ಮಾತ್ರ ಬಿಡುವುದಿಲ್ಲ.

ಐದು ಇಂಚಿನ ಪರದೆಯ ಯಂತ್ರವನ್ನು ಮೇಜಿನ ಮೇಲಿಟ್ಟು ಬ್ಯಾಟರಿಗೆ ಜೋಡಿಸಿದ. ನೋಡನೋಡುತ್ತಿದ್ದಂತೆ ಪರದೆ ತುಂಬ ಮೀನು. ಕೆಳಗೆ ಕಂದು ಬಣ್ಣದ ತಳ, ಅದರ ಮೇಲೆ ಹಿಂಡು ಹಿಂಡಾಗಿ ಮೀನಿನ ಚಿತ್ರಗಳು, ಒಂದೊಂದರ ಪಕ್ಕದಲ್ಲೂ ಅದು ಎಷ್ಟು ಆಳದಲ್ಲಿದೆ ಎಂಬ ಅಂಕಿ. ಮೂಲೆಯಲ್ಲಿ ನೀರಿನ ಆಳ 12 ಮೀಟರ್. "ನೋಡಿ ಅಣ್ಣ, ನಿಮ್ಮ ಇಡೀ ಹೊಳೆ ಹೀಗೆ ಕಾಣುತ್ತದೆ" ಎಂದ. ನೀರಿಗೆ ಇಳಿಸಬೇಕಾದ ಟ್ರಾನ್ಸ್‌ಡ್ಯೂಸರ್, ಅಂದರೆ ಮೀನನ್ನು ನಿಜಕ್ಕೂ ಪತ್ತೆ ಮಾಡುವ ಬಿಡಿಭಾಗ, ಆಗ ಎಲ್ಲಿತ್ತು ಗೊತ್ತೇ? ಅದೇ ಮೇಜಿನ ಮೇಲೆ, ಪ್ಲಾಸ್ಟಿಕ್ ಚೀಲದೊಳಗೆ. ನೀರೇ ಇಲ್ಲದೆ ಮೀನು ಹೇಗೆ ಬಂತು ಎಂದು ನಾನು ಕೇಳಿಯೇ ಕೇಳಿದೆ. "ಇದರಲ್ಲಿ ಮೆಮೊರಿ ಇದೆ ಅಣ್ಣ, ಹಿಂದೆ ನೋಡಿದ್ದನ್ನು ತೋರಿಸುತ್ತದೆ" ಎಂದ. ಎಷ್ಟು ಸಲೀಸಾಗಿ ಹೇಳಿದ! ಮುಖದ ಒಂದು ಗೆರೆಯೂ ಅಲುಗಲಿಲ್ಲ. ಜಿಪಿಎಸ್ ನಕ್ಷೆ ಬೇರೆ ಇದೆಯೆಂದು ಹೊಗಳಿದ. ಆ ನಕ್ಷೆಯಲ್ಲಿ ಇರುವುದು ಅಮೆರಿಕದ ಕೆರೆಗಳು.

ಶಿರಿಯ ಹೊಳೆಯ ಅಳಿವೆಯಲ್ಲಿ ಭಾವ ಮತ್ತು ದೋಣಿಯ ಹಿರಿಯರೊಬ್ಬರ ಎದುರು ಅದನ್ನು ಹಚ್ಚಿದೆ. ಪರದೆ ತುಂಬ ಮೀನು. ಆಳ 12 ಮೀಟರ್. ಹಿರಿಯರು ಏನೂ ಹೇಳದೆ ದೋಣಿ ನೂಕುವ ಬಿದಿರಿನ ಗಳುವನ್ನು ನೀರಿಗೆ ಊರಿ, ಮೇಲೆತ್ತಿ, ಒದ್ದೆಯಾದ ಭಾಗವನ್ನು ತೋರಿಸಿದರು. ಸೊಂಟದಷ್ಟೂ ಇರಲಿಲ್ಲ. ಪರದೆಯಲ್ಲಿ ಮಾತ್ರ ಅದೇ 12 ಮೀಟರ್, ಅಂಗಡಿಯಲ್ಲಿ ಬಲದಿಂದ ಎಡಕ್ಕೆ ಹಾದುಹೋದ ಅದೇ ಹಿಂಡು, ಅದೇ ಕ್ರಮದಲ್ಲಿ. ಗಾಳಕ್ಕೆ ಒಂದು ಇರ್ಪೆಯೂ ಬೀಳಲಿಲ್ಲ, ಒಂದು ಕಾಣೆಯೂ ಬೀಳಲಿಲ್ಲ. ಈಗ ಮನೆಯಲ್ಲಿ ಮೀನು ಸಾರು ಮಾಡಿದಾಗಲೆಲ್ಲ ಭಾವ "ಇದು ಹನ್ನೆರಡು ಮೀಟರ್ ಆಳದ್ದೇ?" ಎಂದು ಕೇಳುತ್ತಾರೆ. ಮಕ್ಕಳಿಗೂ ಬಾಯಿಪಾಠವಾಗಿದೆ.

ಆಗಿದ್ದು ಇಷ್ಟು. ಈ ಯಂತ್ರಗಳಲ್ಲಿ ಸಿಮ್ಯುಲೇಟರ್ ಎಂಬ ಸೌಲಭ್ಯವಿರುತ್ತದೆ, ನೀರಿಲ್ಲದೆ ಬಳಕೆ ಕಲಿಯುವುದಕ್ಕೆ. ಸರಿಯಾದ ಟ್ರಾನ್ಸ್‌ಡ್ಯೂಸರ್ ಸಿಗದಿದ್ದರೆ ಕೆಲವು ಯಂತ್ರಗಳು ತಾವಾಗಿಯೇ ಅದಕ್ಕೆ ಇಳಿಯುತ್ತವೆ. ನನಗೆ ಕೊಟ್ಟ ಟ್ರಾನ್ಸ್‌ಡ್ಯೂಸರ್ ಬೇರೆ ಕಂಪೆನಿಯದು; ಪಿನ್ ಕೂರುತ್ತದೆ, ಕೆಲಸ ಮಾಡುವುದಿಲ್ಲ. ಶಬ್ದದ ಅಲೆಯನ್ನು ನೀರಿಗೆ ಬಿಟ್ಟು, ತಳಕ್ಕೋ ಮೀನಿಗೋ ತಾಗಿ ಮರಳಿದ್ದನ್ನು ಹಿಡಿಯುವುದೇ ಆ ಬಿಡಿಭಾಗ. ಅಲೆ ಹೋಗಿ ಬರಲು ಹಿಡಿದ ಸಮಯದಿಂದಲೇ ಆಳದ ಲೆಕ್ಕ. ಅದು ಸತ್ತರೆ ಉಳಿದದ್ದು ಬರಿಯ ಟಿವಿ.

ಇನ್ನು ಆ "ಇಡೀ ಹೊಳೆ" ಎಂಬ ಮಾತು. ಅದೂ ಸುಳ್ಳು! ಎಲ್ಲ ಸರಿಯಿದ್ದರೂ ಸುಳ್ಳು. 200 ಕಿಲೋಹರ್ಟ್ಸ್‌ನ ಸಾಮಾನ್ಯ ಟ್ರಾನ್ಸ್‌ಡ್ಯೂಸರಿನ ಶಬ್ದ ಸುಮಾರು 20 ಡಿಗ್ರಿಯ ಶಂಕುವಿನಂತೆ ಹರಡುತ್ತದೆ. 3 ಮೀಟರ್ ಆಳದ ನೀರಿನಲ್ಲಿ ತಳದ ಒಂದು ಮೀಟರ್ ಅಗಲವಷ್ಟೇ ಅದಕ್ಕೆ ಸಿಗುತ್ತದೆ. ನಮ್ಮ ಆಳವಿಲ್ಲದ ಅಳಿವೆಗಳಲ್ಲಿ ಅದು ಎಷ್ಟರ ಮಟ್ಟಿಗಿನ ಉಪಕಾರ ಎಂದು ನೀವೇ ಯೋಚಿಸಿ. ಆ ಮುದ್ದು ಮೀನಿನ ಚಿತ್ರಗಳು ಸಹ ಯಂತ್ರದ ಊಹೆ. ತೇಲಿಬಂದ ಕಸವೂ ಗುಳ್ಳೆಯೂ ಅಲ್ಲಿ ಮೀನಾಗುತ್ತವೆ.

ಈಗ ಆತನ ಉತ್ತರಗಳು, ವಾಟ್ಸಾಪ್‌ನಲ್ಲಿ ಬಂದ ಕ್ರಮದಲ್ಲಿಯೇ. ಮೊದಲನೆಯದು: "ಉಪ್ಪುನೀರಿನಲ್ಲಿ ಹಾಗೆ ಆಗುತ್ತದೆ." ಅಳಿವೆಯಲ್ಲಿ ಹಿಡಿಯಲು ಬೇಕು ಎಂದು ಹೇಳಿಯೇ ಕೊಂಡಿದ್ದೆ. ಆಮೇಲೆ: "ಬ್ಯಾಟರಿ ಸರಿಯಿಲ್ಲ." ಬ್ಯಾಟರಿ ಅವನದೇ. ಆಮೇಲೆ ಬಂದದ್ದನ್ನು ಓದಿ ನನಗೆ ಮೈಯೆಲ್ಲ ಉರಿಯಿತು: "ಹೊಳೆಯಲ್ಲಿ ಮೀನು ಇದ್ದರಲ್ಲವೇ ತೋರಿಸುವುದು ಮಾರಾಯರೇ?" ಅಯ್ಯಾ, ಅದು ಮೀನು ತೋರಿಸುತ್ತಿಲ್ಲ ಎಂಬುದಲ್ಲ ನನ್ನ ದೂರು, ಎಲ್ಲಿಟ್ಟರೂ ತೋರಿಸುತ್ತದೆ ಎಂಬುದು! ಊಟದ ಮೇಜಿನ ಮೇಲಿಟ್ಟರೂ ತೋರಿಸುತ್ತದೆ. ವಿಡಿಯೊ ಮಾಡಿ ಕಳುಹಿಸಿದೆ. ಅದಕ್ಕೆ ಉತ್ತರ: "ಒಮ್ಮೆ ನೀರಿಗೆ ಇಳಿಸಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ." ಮೀನು ಹುಡುಕುವ ಯಂತ್ರವನ್ನು ನೀರಿಗಲ್ಲದೆ ಇನ್ನೆಲ್ಲಿಗೆ ಇಳಿಸಬೇಕಿತ್ತೋ!

ಬಿಲ್ಲಿನದು ಇನ್ನೊಂದು ಕಥೆ. ಅಂಗಡಿಯಲ್ಲಿ ಕೊಟ್ಟದ್ದು ಎಸ್ಟಿಮೇಟ್ ಎಂದು ಬರೆದ ಬಿಳಿ ಚೀಟಿ, "ಜಿಎಸ್‌ಟಿ ಬಿಲ್ ಸಂಜೆಗೆ ಕಳುಹಿಸುತ್ತೇನೆ" ಎಂಬ ಮಾತಿನೊಂದಿಗೆ. ಆ ಸಂಜೆ ಇನ್ನೂ ಆಗಿಲ್ಲ. ಪೆಟ್ಟಿಗೆಯ ಮೇಲೆ ಆಮದು ಮಾಡಿದವರ ಹೆಸರಿಲ್ಲ, ವಿಳಾಸವಿಲ್ಲ, ಗರಿಷ್ಠ ಮಾರಾಟ ಬೆಲೆಯಿಲ್ಲ. ಇವು ಮೂರೂ ಕಡ್ಡಾಯ. ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ ಎಂದಾಗ ಬಂದ ಉತ್ತರ: "ನೀವು ಕೇರಳದವರು, ಇಲ್ಲಿಗೆ ಬಂದು ಕೇಸ್ ನಡೆಸುತ್ತೀರಾ?"

ಆ ಕಡೆ ಹೋದರೆ ಕೇರಳದವರು, ಈ ಕಡೆ ಅರ್ಜಿ ಹಿಡಿದು ನಿಂತರೆ ಕನ್ನಡದವರು. ಗಡಿಯಲ್ಲಿ ಬದುಕುವ ನಮಗೆ ಇದು ಹೊಸತಲ್ಲ. ಆದರೆ ಈ ವಿಷಯದಲ್ಲಿ ಆತನ ಲೆಕ್ಕ ತಪ್ಪಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು, ಮಾರಿದವನು ಯಾವ ರಾಜ್ಯದಲ್ಲಿದ್ದರೂ ಸರಿ. ಬಿಲ್ ಕೊಡದಿರುವುದೂ ಅದೇ ಕಾಯಿದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಯುಪಿಐ ಪಾವತಿಯ ಪ್ರತಿ, ಬಿಳಿ ಚೀಟಿ, ಆತನ ಸಂದೇಶಗಳು ಎಲ್ಲವನ್ನೂ ತೆಗೆದಿಟ್ಟಿದ್ದೇನೆ.

ಕೊಳ್ಳಲೇಬೇಕೆಂದಿದ್ದರೆ ಅಂಗಡಿಯಲ್ಲಿ ಟ್ರಾನ್ಸ್‌ಡ್ಯೂಸರಿನ ತಂತಿ ಕಳಚಲು ಹೇಳಿ. ಆಮೇಲೂ ಮೀನು ಈಜುತ್ತಿದ್ದರೆ ಅದು ಸಿಮ್ಯುಲೇಟರ್; ಅದನ್ನೇ ನಂಬಿ ದುಡ್ಡು ಕೊಡಬೇಡಿ. ಯಂತ್ರದ್ದೂ ಟ್ರಾನ್ಸ್‌ಡ್ಯೂಸರಿನದೂ ಮಾದರಿ ಸಂಖ್ಯೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸಂಜೆಗೆ ಕಳುಹಿಸುತ್ತೇನೆ ಎನ್ನುವವನಿಗೆ ದುಡ್ಡನ್ನೂ ಸಂಜೆಗೇ ಕಳುಹಿಸಿ.

ನಿನ್ನೆ ಆತನಿಂದ ಮತ್ತೊಂದು ಸಂದೇಶ ಬಂದಿದೆ. ಇನ್ನೂ 4,000 ರೂಪಾಯಿ ಕೊಟ್ಟರೆ "ಒರಿಜಿನಲ್" ಟ್ರಾನ್ಸ್‌ಡ್ಯೂಸರ್ ಕೊಡುತ್ತಾನಂತೆ. ಅದನ್ನೂ ದೂರಿಗೆ ಸೇರಿಸಿದ್ದೇನೆ.