ಥೆರಪಿ ಶುರು ಮಾಡೋ ಮುಂಚೆ ಇದನ್ನೊಂದ್ಸಲ ಓದಿ, ಏನೂ ವಿಚಾರಿಸ್ದೆ ಹೋಗಿ ನಾನು ಅನುಭವಿಸಿದ್ದು

ಥೆರಪಿಗೆ, ಅಂದ್ರೆ ಮನಸ್ಸಿನ ತೊಂದ್ರೆಗೆ ಮಾತಾಡಿ ಮಾಡೋ ಚಿಕಿತ್ಸೆಗೆ, ಹೋಗ್ಬೇಕು ಅಂತ ಯೋಚ್ನೆ ಮಾಡ್ತಿರೋರು ಯಾರಾದ್ರೂ ಇದ್ರೆ ದಯವಿಟ್ಟು ಪೂರ್ತಿ ಓದಿ, ಉದ್ದ ಇದೆ, ಆದ್ರೂ ಓದಿ. ಹೋಗ್ಬೇಡಿ ಅನ್ನೋಕೆ ಬರೀತಿಲ್ಲ, ಈಗ್ಲೂ ನಾನು ಹೋಗ್ತಾ ಇದೀನಿ, ಬೇರೆಯವರ ಹತ್ರ. ಆದ್ರೆ ಮೊದಲನೇ ಸಲ ನಾನು ಹೋದ ರೀತಿ ಇದ್ಯಲ್ಲ, ಹಂಗೆ ಮಾತ್ರ ಯಾರೂ ಹೋಗ್ಬೇಡಿ.

ನಮ್ಮೂರು ತಿಪಟೂರ್ ಹತ್ರ, ನಾನು ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸದಲ್ಲಿದೀನಿ. ಅಪ್ಪ ತೀರ್ಕೊಂಡು ಏಳೆಂಟು ತಿಂಗಳಾದ್ಮೇಲೆ ಒಂದಿನ ಬೆಳಿಗ್ಗೆ ಮೆಟ್ರೋದಲ್ಲಿ, ಯಶವಂತಪುರ ದಾಟ್ತಿದ್ದಂಗೆ, ಎದೆ ಡವಡವ ಅಂತ ಹೊಡ್ಕೊಳ್ಳೋಕೆ ಶುರುವಾಯ್ತು, ಕೈಯೆಲ್ಲಾ ಜೋಮು ಹಿಡಿದು ಇನ್ನೇನು ಇಲ್ಲೇ ಸತ್ತೋಗ್ತೀನಿ ಅನ್ನಿಸ್ಬಿಡ್ತು, ಮುಂದಿನ ಸ್ಟೇಷನ್‌ನಲ್ಲಿ ಇಳಿದು ಪ್ಲಾಟ್‌ಫಾರ್ಮ್ ಮೇಲೇ ಕೂತ್ಬಿಟ್ಟೆ. ಇಸಿಜಿ ಮಾಡಿಸಿದ್ರೆ ನಾರ್ಮಲ್. ಹದಿನೈದು ದಿನಕ್ಕೆ ಮತ್ತೆ ಹಂಗೇ ಆಯ್ತು. ಡಾಕ್ಟ್ರು ಇದು ಹಾರ್ಟ್ ಪ್ರಾಬ್ಲಂ ಅಲ್ಲ ಅಂತ ಸೈಕಿಯಾಟ್ರಿಸ್ಟ್, ಅಂದ್ರೆ ಮನೋವೈದ್ಯರ ಹತ್ರ ಕಳ್ಸಿದ್ರು, ಅವರು ಎಸಿಟಾಲೋಪ್ರಾಮ್ 10 ಎಂ.ಜಿ. ಬರ್ಕೊಟ್ಟು, ಮಾತ್ರೆ ಜೊತೆಗೆ ಥೆರಪಿನೂ ಮಾಡಿಸ್ಕೊಳ್ಳಿ, ಎರಡೂ ಸೇರಿದ್ರೆ ಒಳ್ಳೇದು ಅಂದ್ರು. ಯಾರ ಹತ್ರ ಅಂತ ಒಂದು ಹೆಸರೂ ಬರ್ಕೊಟ್ಟಿದ್ರು. ಅಲ್ಲಿ ಮೂರು ವಾರ ಆದ್ಮೇಲೆ ಅಪಾಯಿಂಟ್‌ಮೆಂಟ್ ಸಿಗುತ್ತೆ ಅಂದಿದ್ದಕ್ಕೆ ನಾನು ಕಾಯ್ಲಿಲ್ಲ. ಅಲ್ಲೇ ಎಡವಿದ್ದು.

ನಮ್ಮ ಅತ್ತಿಗೆಗೆ ವಿಷಯ ಗೊತ್ತಾಗಿ, ನನ್ನ ಫ್ರೆಂಡ್ ಒಬ್ಳು ಥೆರಪಿಸ್ಟ್ ಇದಾಳೆ ಕಣೇ, ತುಂಬಾ ಒಳ್ಳೆಯವ್ಳು, ನಮ್ಮನೆಯವ್ಳ ಥರಾನೇ ನೋಡ್ಕೋತಾಳೆ ಅಂತ ನಂಬರ್ ಕಳ್ಸಿದ್ರು. ನಮ್ಮ ಕಡೆ ಇದೇ ರೂಢಿ ಅಲ್ವಾ, ಡಾಕ್ಟ್ರು ಇರ್ಲಿ ಟೈಲರ್ ಇರ್ಲಿ ಪರಿಚಯದವರ ಹತ್ರಾನೇ ಹೋಗೋದು. ಬೇರೆ ಎಲ್ಲದಕ್ಕೂ ಅದು ಸರಿ, ಇದೊಂದಕ್ಕೆ ಮಾತ್ರ ಅಲ್ಲ ಅಂತ ನಂಗೆ ಆವಾಗ ಹೊಳೀಲೇ ಇಲ್ಲ. ಈಗ ನಾನು ಹೋಗ್ತಿರೋ ಥೆರಪಿಸ್ಟ್ ಮೇಡಂ ಹೇಳಿದ್ಮೇಲೆ ಗೊತ್ತಾಯ್ತು, ಸರಿಯಾಗಿ ಓದ್ಕೊಂಡಿರೋ ಥೆರಪಿಸ್ಟ್ ತನ್ನ ಫ್ರೆಂಡ್ ನಾದಿನಿಯನ್ನ ಕ್ಲೈಂಟಾಗಿ ತಗೊಳ್ಳೋದೇ ಇಲ್ವಂತೆ, ಬೇರೆಯವರ ಹತ್ರ ಕಳಿಸ್ತಾರಂತೆ.

ವಾಟ್ಸಾಪಲ್ಲಿ ಮೆಸೇಜ್ ಹಾಕಿದ ಹತ್ತು ನಿಮಿಷಕ್ಕೆ ಉತ್ತರ ಬಂತು, ಹತ್ತು ಸೆಷನ್ ಪ್ಯಾಕೇಜ್ 18,000 ರೂಪಾಯಿ, ಮೊದ್ಲೇ ಕಟ್ಬೇಕು, ಬಿಡಿ ಬಿಡಿಯಾಗಿ ತಗೊಳ್ಳಲ್ಲ. ಯುಪಿಐ ಮಾಡ್ದೆ. ರಸೀದಿ ಕೊಡ್ಲಿಲ್ಲ, ನಾನೂ ಕೇಳ್ಲಿಲ್ಲ. ಏನು ಓದಿದೀರಾ ಅಂತ ಕೇಳೋದು ಮರ್ಯಾದೆ ಅಲ್ಲ ಅನ್ಕೊಂಡೆ.

ಮೊದಲನೇ ದಿನ ಮನೆ ಮೇಲಿನ ಮಹಡಿ ರೂಮು. ಗೋಡೆ ಮೇಲೆ ನಾಲ್ಕೈದು ಸರ್ಟಿಫಿಕೇಟು ಫ್ರೇಮ್ ಹಾಕಿ ತೂಗಾಕಿದ್ರು, ಎಲ್ಲಾ ಎರಡು ದಿನ ಮೂರು ದಿನದ ಆನ್‌ಲೈನ್ ಕೋರ್ಸುಗಳದ್ದು ಅಂತ ಆಮೇಲೆ ಗಮನಿಸ್ದೆ. ನಿದ್ದೆ ಹೆಂಗಿದೆ, ಏನು ಮಾತ್ರೆ ತಗೋತಿದೀರಾ, ಯಾವತ್ತಿಂದ ಹಿಂಗಾಗ್ತಿದೆ, ಒಂದೂ ಕೇಳ್ಲಿಲ್ಲ. ಒಂದು ಫಾರಂ ಇಲ್ಲ, ಒಂದು ಸೈನ್ ಇಲ್ಲ. ಫೋನ್ ಟೇಬಲ್ ಮೇಲೆ ಇತ್ತು, ನಾನು ಅಳ್ತಾ ಇದ್ದಾಗ್ಲೇ ಎರಡು ಸಲ ರಿಂಗಾಯ್ತು, ಒಂದು ಸಲ ಎತ್ತಿ ಮಾತಾಡಿದ್ರು. ಆಮೇಲೆ ನನ್ನ ಸಮಾಧಾನ ಮಾಡೋಕೆ ಅಂತ ಬೇರೆಯವರ ಕಥೆ ಹೇಳಿದ್ರು, ಇದೇ ಏರಿಯಾದಲ್ಲಿ ಒಬ್ರು ಸ್ಕೂಲ್ ಟೀಚರ್ ಬರ್ತಾರೆ, ಅವರ ಗಂಡ ಹಿಂಗೆ, ಅವರ ಅತ್ತೆ ಹಂಗೆ ಅಂತ. ಅಯ್ಯೋ ಪಾಪ ಅನ್ಕೊಂಡು ಕೇಳ್ತಾ ಕೂತಿದ್ದೆ. ಆ ಟೀಚರ್ ಕಥೆ ನನ್ನ ಮುಂದೆ ಬಂತು ಅಂದ್ರೆ ನನ್ನ ಕಥೆನೂ ಯಾರದೋ ಮುಂದೆ ಹೋಗುತ್ತೆ ಅಂತ ಆ ಕ್ಷಣಕ್ಕೇ ಗೊತ್ತಾಗ್ಬೇಕಿತ್ತು. ನಿಮಗೆ ಯಾವ ಥೆರಪಿಸ್ಟಾದ್ರೂ ಇನ್ನೊಬ್ಬ ಕ್ಲೈಂಟ್ ಗುರುತು ಸಿಗೋ ಹಂಗೆ ಮಾತಾಡಿದ್ರೆ ಅಲ್ಲಿಂದ ಎದ್ದು ಬನ್ನಿ, ಕಟ್ಟಿದ ದುಡ್ಡು ಹೋದ್ರೆ ಹೋಗ್ಲಿ.

ಮೂರನೇ ಸೆಷನ್‌ನಲ್ಲಿ ಮಾತ್ರೆ ವಿಷ್ಯ ಬಂತು. ಅದೆಲ್ಲಾ ಕೆಮಿಕಲ್, ಅಡಿಕ್ಟ್ ಆಗ್ತೀರಾ, ಇವತ್ತಿಂದಲೇ ನಿಲ್ಲಿಸಿ, ನಾನು ಹೇಳೋ ಉಸಿರಾಟ ಮಾಡಿ ಸಾಕು ಅಂದ್ರು. ನಿಲ್ಲಿಸ್ದೆ. ಮೂರನೇ ದಿನಕ್ಕೆ ತಲೆ ತಿರುಗೋದು, ವಾಕರಿಕೆ, ಕತ್ತು ತಿರುಗಿಸಿದ್ರೆ ತಲೆಯೊಳಗೆ ಕರೆಂಟ್ ಹೊಡೆದಂಗೆ ಜುಂಯ್ ಅನ್ನೋದು. ಆಫೀಸಲ್ಲಿ ಫೈಲ್ ಎತ್ಕೊಳ್ಳೋಕೆ ಬಗ್ಗಿದವಳು ಗೋಡೆ ಹಿಡ್ಕೊಂಡು ನಿಂತಿದ್ದೆ. ಕಾಯಿಲೆ ಜಾಸ್ತಿ ಆಯ್ತು, ಹುಚ್ಚೇ ಹಿಡೀತಿದೆ ಅಂತ ಭಯ. ಕೊನೆಗೆ ಸೈಕಿಯಾಟ್ರಿಸ್ಟ್‌ಗೆ ಫೋನ್ ಮಾಡಿದ್ರೆ ಅವರು ಬೈಲಿಲ್ಲ, ಸಮಾಧಾನವಾಗಿ ಹೇಳಿದ್ರು, ಈ ಮಾತ್ರೆನ ಧಿಡೀರ್ ಅಂತ ನಿಲ್ಲಿಸಿದ್ರೆ ಹಿಂಗಾಗುತ್ತೆ, ಇದು ಅಡಿಕ್ಷನ್ ಅಲ್ಲ, ನಿಲ್ಲಿಸೋ ಟೈಮ್ ಬಂದಾಗ ಡೋಸ್ ಸ್ವಲ್ಪ ಸ್ವಲ್ಪನೇ ಕಮ್ಮಿ ಮಾಡ್ಕೊಂಡು ವಾರಗಟ್ಟಲೆ ತಗೊಂಡು ನಿಲ್ಲಿಸ್ತೀವಿ ಅಂತ. ಮಾತ್ರೆ ಬರೆಯೋದು, ಬದಲಾಯಿಸೋದು, ನಿಲ್ಲಿಸೋದು ಡಾಕ್ಟ್ರ ಕೆಲಸ. ಎಂ.ಬಿ.ಬಿ.ಎಸ್ ಮಾಡಿ ಆಮೇಲೆ ಸೈಕಿಯಾಟ್ರಿ ಓದಿದವರು ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟೂ ಕೌನ್ಸೆಲರೂ ಡಾಕ್ಟ್ರಲ್ಲ, ಅವರು ಎಷ್ಟೇ ಒಳ್ಳೆಯವರಾಗಿದ್ರೂ ಮಾತ್ರೆ ನಿಲ್ಲಿಸಿ ಅನ್ನೋ ಹಂಗಿಲ್ಲ. ಈ ವ್ಯತ್ಯಾಸ ನಂಗೆ ಗೊತ್ತಿರ್ಲಿಲ್ಲ, ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ.

ಇಷ್ಟಾದ್ಮೇಲೂ ಇನ್ನೆರಡು ಸೆಷನ್‌ಗೆ ಹೋದೆ, ದುಡ್ಡು ಕಟ್ಟಿದೀನಲ್ಲ ಅಂತ. ಪ್ಯಾಕೇಜ್ ಕಟ್ಟಿಸ್ಕೊಳ್ಳೋದ್ರಲ್ಲಿ ಇರೋ ದೊಡ್ಡ ತೊಂದ್ರೆ ಇದೇ, ಸರಿ ಹೋಗ್ತಿಲ್ಲ ಅಂತ ಗೊತ್ತಾದ್ರೂ ಬಿಡೋಕಾಗಲ್ಲ. ಐದನೇ ಸೆಷನ್‌ನಲ್ಲಿ ನಾನು ಯಾರಿಗೂ ಹೇಳ್ದೆ ಇದ್ದ ಒಂದು ಮಾತು ಹೇಳ್ದೆ. ಅಪ್ಪ ಹೋಗೋ ಹಿಂದಿನ ರಾತ್ರಿ ಎರಡು ಸಲ ಫೋನ್ ಮಾಡಿದ್ರು, ತಿಂಗಳ ಕೊನೆ, ಲೆಕ್ಕ ಕ್ಲೋಸ್ ಮಾಡೋ ಗಡಿಬಿಡಿಲಿದ್ದೆ, ಬೆಳಿಗ್ಗೆ ಮಾಡೋಣ ಅಂತ ಎರಡೂ ಸಲ ಕಟ್ ಮಾಡ್ದೆ. ಬೆಳಿಗ್ಗೆ ಅಣ್ಣನ ಫೋನ್ ಬಂತು.

ಅಪ್ಪನ ವರ್ಷದ ತಿಥಿಗೆ ಊರಿಗೆ ಹೋಗಿದ್ವಿ. ಅಡುಗೆಮನೇಲಿ ನಾನು ಅತ್ತಿಗೆ ಕೂತು ವಡೆ ತಟ್ತಾ ಇದ್ವಿ, ಎಡೆಗೆ. ಅಮ್ಮ ಒಲೆ ಹತ್ರ ಬಾಣಲೆಗೆ ಎಣ್ಣೆ ಹಾಕ್ತಿದ್ರು. ಅತ್ತಿಗೆ ನಂಗೆ ಸಮಾಧಾನ ಹೇಳೋ ದನಿಯಲ್ಲೇ ಅಂದ್ರು, "ಮಾವ ಆವತ್ತು ಫೋನ್ ಮಾಡ್ದಾಗ ಕಟ್ ಮಾಡಿದ್ಯಂತಲ್ಲ, ಅದನ್ನೇ ಮನಸ್ಸಿಗೆ ಹಚ್ಕೊಂಡಿದ್ದೀಯಂತೆ, ಬಿಡೇ, ಯಾರಿಗೆ ಏನು ಗೊತ್ತಿರುತ್ತೆ." ನನ್ನ ಅಂಗೈ ಮೇಲೆ ವಡೆ ಹಿಟ್ಟು ಹಂಗೇ ಇತ್ತು. ಬೆರಳಿಂದ ತೂತು ಮಾಡೋಕೆ ಹೋದವಳು ಹಂಗೇ ಕೂತ್ಬಿಟ್ಟೆ. ಅಮ್ಮ ತಿರುಗಿ ನನ್ನ ನೋಡಿದ್ರು, ಏನೂ ಕೇಳ್ಲಿಲ್ಲ, ಎಣ್ಣೆ ಕಾದಿದೆ ಕೊಡು ಅಂದ್ರು.

ಆ ಮಾತು ನನ್ನ ಬಾಯಿಂದ ಹೊರಗೆ ಬಂದಿದ್ದು ಜೀವಮಾನದಲ್ಲಿ ಒಂದೇ ಸಲ, ಆ ಮಹಡಿ ರೂಮಲ್ಲಿ.

ಸಂಜೆ ಹಿತ್ತಲಿಗೆ ಹೋಗಿ ಆ ಥೆರಪಿಸ್ಟ್‌ಗೆ ಫೋನ್ ಮಾಡಿ ಕೇಳ್ದೆ. ಹೌದು ಹೇಳ್ದೆ, ನಿಮ್ಮ ಒಳ್ಳೇದಕ್ಕೇ ಹೇಳಿದ್ದು, ಮನೆಯವರ ಸಪೋರ್ಟ್ ಬೇಕಲ್ವಾ ಅಂದ್ರು. ಕ್ಷಮೆ ಕೇಳೋದು ಹಂಗಿರ್ಲಿ, ಅದು ತಪ್ಪು ಅನ್ನೋದೇ ಆಕೆಗೆ ಹೊಳೆದಂಗೆ ಕಾಣ್ಲಿಲ್ಲ. ಉಳಿದ ಐದು ಸೆಷನ್ ದುಡ್ಡು, 9,000 ವಾಪಸ್ ಕೊಡಿ ಅಂದೆ, ನಾನ್ ರಿಫಂಡಬಲ್ ಅಂದು ನಂಬರ್ ಬ್ಲಾಕ್ ಮಾಡಿದ್ರು.

ದೂರು ಕೊಡೋಣ ಅಂತ ಹೊರಟಾಗ್ಲೇ ನಂಗೆ ಪೂರ್ತಿ ಅರ್ಥ ಆಗಿದ್ದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೇಲಿ 23ನೇ ಸೆಕ್ಷನ್ ಇದೆ, ರೋಗಿ ಹೇಳಿದ್ದನ್ನ ಗುಟ್ಟಾಗಿ ಇಡ್ಬೇಕು ಅಂತ ಸ್ಪಷ್ಟವಾಗಿದೆ. ಸೈಕಿಯಾಟ್ರಿಸ್ಟ್ ಆಗಿದ್ರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ ಬರೀಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ರೆ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತು, ಅವರಲ್ಲಿ ನೋಂದಣಿ ಇರುತ್ತೆ, ಸಿಆರ್‌ಆರ್ ನಂಬರ್ ಅಂತ ಒಂದಿರುತ್ತೆ, ಆ ನಂಬರ್ ಹಿಡ್ಕೊಂಡು ವಿಚಾರಿಸ್ಬಹುದು. ಈಕೆ ಯಾವುದರಲ್ಲೂ ಇಲ್ಲ! ಬೋರ್ಡ್ ಮೇಲೆ ಥೆರಪಿಸ್ಟ್ ಅಂತ ಬರ್ಸೋಕೆ ಪೇಂಟರ್ ಒಬ್ಬ ಸಿಕ್ಕಿದ್ರೆ ಸಾಕಾಗಿತ್ತು, ಆಕೆ ಹೆಸರು ಯಾವ ರಿಜಿಸ್ಟರ್‌ನಲ್ಲೂ ಇಲ್ದೇ ಇದ್ಮೇಲೆ ತೆಗೆದುಹಾಕಿ ಅಂತ ಯಾರಿಗೆ ಹೇಳೋದು. ನೋಂದಣಿ ಕೇಳಿ ಅಂತ ನಾನು ಬಡ್ಕೊಳ್ಳೋದು ಇದಕ್ಕೇ, ನಾಳೆ ಏನಾದ್ರೂ ತಪ್ಪಾದ್ರೆ ಬಾಗಿಲು ತಟ್ಟೋಕೆ ಒಂದು ಜಾಗ ಇರ್ಲಿ ಅಂತ. ಎಂ.ಎ, ಎಂ.ಎಸ್ಸಿ ಸೈಕಾಲಜಿ ಮಾಡಿ ಸೀನಿಯರ್‌ಗಳ ಮಾರ್ಗದರ್ಶನದಲ್ಲಿ ಚೆನ್ನಾಗಿ ಕೆಲಸ ಮಾಡೋ ಕೌನ್ಸೆಲರ್‌ಗಳೂ ಇದಾರೆ, ಅವರೆಲ್ಲರಿಗೂ ಆರ್‌ಸಿಐ ನಂಬರ್ ಇರಲ್ಲ, ಅವರನ್ನ ನಾನು ತೆಗಳ್ತಿಲ್ಲ. ಅಂಥವರು ಎಲ್ಲಿ ಓದಿದ್ದು, ಎಷ್ಟು ವರ್ಷ, ಯಾರ ಕೈಕೆಳಗೆ ಕೆಲಸ ಮಾಡಿದ್ದು ಅಂತ ಕೇಳಿದ್ರೆ ಮುಖ ಗಂಟಿಕ್ಕಲ್ಲ, ಹೇಳ್ತಾರೆ.

ದುಡ್ಡಿನ ವಿಷಯಕ್ಕೆ 1915, ಗ್ರಾಹಕರ ಸಹಾಯವಾಣಿ, ಅಲ್ಲಿ ದೂರು ಬರೆಸಿದೀನಿ. ರಸೀದಿ ಇಲ್ದೇ ಇದ್ದಿದ್ದಕ್ಕೆ ಯುಪಿಐ ಸ್ಕ್ರೀನ್‌ಶಾಟ್, ವಾಟ್ಸಾಪ್ ಮೆಸೇಜ್ ಎಲ್ಲಾ ಹಾಕಿದೀನಿ. ದುಡ್ಡು ಇನ್ನೂ ಬಂದಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗ್ಬಹುದು, 5 ಲಕ್ಷದ ಒಳಗಿನದ್ದಕ್ಕೆ ಅಲ್ಲಿ ಫೀಸ್ ಇಲ್ಲ.

ಇನ್ನು ಸರಿಯಾದ ಮೊದಲನೇ ಸೆಷನ್ ಹೆಂಗಿರುತ್ತೆ ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ಅದು ಗೊತ್ತಿದ್ದಿದ್ರೆ ನಾನು ಮೊದಲನೇ ದಿನವೇ ವಾಪಸ್ ಬಂದಿರ್ತಿದ್ದೆ. ಸೈಕಿಯಾಟ್ರಿಸ್ಟ್ ಮೊದಲು ಬರ್ಕೊಟ್ಟಿದ್ರಲ್ಲ, ಆ ಮೇಡಂ ಹತ್ರಾನೇ ಹೋದೆ, ಮೂರು ವಾರ ಕಾದು. ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್, ನೋಂದಣಿ ನಂಬರ್ ರಸೀದಿ ಮೇಲೇ ಇದೆ, ಒಂದು ಸೆಷನ್‌ಗೆ 1,500, ಬಂದಾಗ ಕೊಟ್ರೆ ಸಾಕು. ನಾನು ಬಾಯಿ ತೆಗೆಯೋ ಮುಂಚೆ ಎರಡು ಪುಟದ ಒಪ್ಪಿಗೆ ಪತ್ರ ಮುಂದಿಟ್ಟು ಒಂದೊಂದೇ ಸಾಲು ಓದಿ ಹೇಳಿದ್ರು. ನೀವು ಹೇಳಿದ್ದು ಈ ರೂಮ್ ದಾಟಲ್ಲ, ನಿಮ್ಮ ಅಣ್ಣ ಬಂದು ಕೇಳಿದ್ರೂ ನೀವು ಬರ್ತೀರಾ ಇಲ್ವಾ ಅಂತಾನೂ ಹೇಳಲ್ಲ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದೆ ಅನ್ಸಿದ್ರೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗ್ತಿದೆ ಅಂತ ಗೊತ್ತಾದ್ರೆ, ಕೋರ್ಟ್ ಆದೇಶ ಬಂದ್ರೆ, ಇಂಥದ್ರಲ್ಲಿ ಮಾತ್ರ ಹೇಳ್ಬೇಕಾಗುತ್ತೆ, ಆವಾಗ್ಲೂ ಆದಷ್ಟು ನಿಮಗೆ ತಿಳಿಸಿನೇ ಅಂತ. ಇದನ್ನ ಕೇಳ್ತಿದ್ದಂಗೆ ನಂಗೆ ಅಳು ಬಂತು, ಇನ್ನೂ ಏನೂ ಹೇಳೇ ಇರ್ಲಿಲ್ಲ.

ಆಮೇಲೆ 50 ನಿಮಿಷ ಪೂರ್ತಿ ಪ್ರಶ್ನೆಗಳೇ. ನಿದ್ದೆ, ಊಟ, ಮುಟ್ಟು, ಮಾತ್ರೆ, ಮನೇಲಿ ಯಾರಿಗಾದ್ರೂ ಹಿಂಗೆ ಇತ್ತಾ. ಥೈರಾಯ್ಡ್ ಟೆಸ್ಟ್ ಆಗಿದ್ಯಾ ಅಂತ ಕೇಳಿದ್ರು, ಅದು ಏರುಪೇರಾದ್ರೂ ಎದೆ ಹಿಂಗೇ ಹೊಡ್ಕೊಳ್ಳುತ್ತಂತೆ, ಹಿಂದಿನ ಐದು ಸೆಷನ್‌ನಲ್ಲಿ ಆ ಹೆಸರೇ ಬಂದಿರ್ಲಿಲ್ಲ. ಸಾಯ್ಬೇಕು ಅನ್ನೋ ಯೋಚ್ನೆ ಬರುತ್ತಾ ಅಂತ ನೇರವಾಗಿ ಕೇಳಿದ್ರು, ಅದಕ್ಕೆ ಗಾಬರಿ ಆಗ್ಬೇಡಿ, ಎಲ್ಲರಿಗೂ ಕೇಳ್ತಾರೆ. ಇಂಗ್ಲಿಷಲ್ಲೇ ಮಾತಾಡ್ಬೇಕಾ ಅಂದೆ, ಕನ್ನಡದಲ್ಲೇ ಹೇಳಿ ಅಂದ್ರು. ಹೊಟ್ಟೇಲಿ ಸಂಕಟ ಆಗುತ್ತೆ ಅಂದೆ, ಅದನ್ನ ಬೇರೆ ಯಾವ ಭಾಷೇಲಿ ಹೇಳೋದೋ ನಂಗೆ ಗೊತ್ತಿಲ್ಲ, ಅವರು ಹಂಗೇ ಬರ್ಕೊಂಡ್ರು. ಭಾಷೆ ನಿಮ್ಮದಾಗಿರ್ಲಿ, ಅಪಾಯಿಂಟ್‌ಮೆಂಟ್ ತಗೊಳ್ಳೋವಾಗ್ಲೇ ಕೇಳಿ.

ಒಂದೇ ದಿನಕ್ಕೆ ಹಗುರ ಆಗ್ಬಿಡುತ್ತೆ ಅನ್ಕೋಬೇಡಿ. ನಂಗೆ ಮೊದಲೆರಡು ಸೆಷನ್ ಆದ್ಮೇಲೆ ತಲೆ ಭಾರ, ಸುಸ್ತು, ಮನೆಗೆ ಬಂದು ಮಲಗಿದ್ರೆ ಸಾಕು ಅನ್ನೋ ಹಂಗಿತ್ತು, ಮೇಡಂ ಮೊದ್ಲೇ ಹೇಳಿದ್ರಿಂದ ಹೆದರ್ಲಿಲ್ಲ. ಅವರು ಹಿಂಗ್ ಮಾಡಿ ಹಂಗ್ ಮಾಡಿ ಅಂತ ಬುದ್ಧಿವಾದ ಹೇಳಲ್ಲ, ಮೊದಲು ಸ್ವಲ್ಪ ನಿರಾಸೆನೇ ಆಗಿತ್ತು ಅದಕ್ಕೆ. ಆರನೇ ಸೆಷನ್ ಆಗೋ ಹೊತ್ತಿಗೆ ಇಬ್ಬರೂ ಕೂತು ಏನು ಸರಿ ಹೋಗಿದೆ ಏನು ಇಲ್ಲ ಅಂತ ನೋಡಿದ್ವಿ. ಈಗ ಮೆಟ್ರೋ ಹತ್ತುತೀನಿ, ಬಾಗಿಲ ಹತ್ರ ನಿಂತ್ಕೊಂಡು, ಆದ್ರೂ ಹತ್ತುತೀನಿ.

ಇಷ್ಟು ದುಡ್ಡು ಕೊಡೋಕಾಗಲ್ಲ ಅನ್ನೋರು ಕಮ್ಮಿಗೆ ಸಿಗ್ತಾರೆ ಅಂತ ಸಿಕ್ಕಿದವರ ಹತ್ರ ಹೋಗ್ಬೇಡಿ. ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ, ರಶ್ ಇರುತ್ತೆ, ಬೆಳಿಗ್ಗೆ ಬೇಗ ಹೋಗ್ಬೇಕು, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಎರಡೂ ಸರ್ಕಾರಿ ಮಾನಸಿಕ ಆಸ್ಪತ್ರೆಗಳು, ಜಿಲ್ಲಾಸ್ಪತ್ರೆಗಳಲ್ಲೂ ಮನೋವೈದ್ಯರು ಇರ್ತಾರೆ. ರಾತ್ರಿ ಹೊತ್ತು ತಡ್ಕೊಳ್ಳೋಕಾಗ್ದೇ ಇದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಮಾತ್ರೆ ನಿಲ್ಲಿಸಿ ಒದ್ದಾಡ್ತಿದ್ದಾಗ ಒಂದು ರಾತ್ರಿ ನಾನೂ ಮಾಡಿದ್ದೆ, ಬೆಳಿಗ್ಗೆ ಎದ್ದ ತಕ್ಷಣ ನಿಮ್ಮ ಡಾಕ್ಟ್ರಿಗೆ ಫೋನ್ ಮಾಡಿ ಅಂತ ನಂಗೆ ಹೇಳಿದ್ದು ಅವರೇ.

ಅತ್ತಿಗೆ ಮೇಲೆ ನಂಗೆ ಸಿಟ್ಟಿಲ್ಲ, ಅವರು ಒಳ್ಳೇದಕ್ಕೇ ನಂಬರ್ ಕೊಟ್ಟಿದ್ದು. ಅಮ್ಮ ಮಾತ್ರ ಆ ಫೋನಿನ ವಿಷ್ಯ ಇವತ್ತಿನ ತನಕ ಎತ್ತಿಲ್ಲ, ನಂಗೂ ಎತ್ತೋಕೆ ಧೈರ್ಯ ಬಂದಿಲ್ಲ. ಬರೋ ಗುರುವಾರ ಅದನ್ನೇ ಮಾತಾಡೋಣ ಅಂತ ಮೇಡಂಗೆ ಹೇಳಿಟ್ಟಿದೀನಿ.