ಹರೆಮ್ ಅನಿಮೆ: ಐವರು ಅಕ್ಕತಂಗಿಯರೋ, ಬಾಡಿಗೆ ಗೆಳತಿಯೋ?

ಒಬ್ಬ ಹುಡುಗನ ಸುತ್ತ ಹಲವು ಹುಡುಗಿಯರಿರುವ ಜಪಾನಿ ಕಾರ್ಟೂನ್ ಸರಣಿಗಳೇ ಹರೆಮ್ ಅನಿಮೆ. ಅಂಥ ಎರಡರಲ್ಲಿ ಒಂದನ್ನೇ ನೋಡುವಷ್ಟು ಸಮಯವಿದ್ದರೆ ‘ದಿ ಕ್ವಿಂಟೆಸೆನ್ಷಿಯಲ್ ಕ್ವಿಂಟಪ್ಲೆಟ್ಸ್’ (2019) ನೋಡಿ. ಪಾಠ ಹೇಳಿಕೊಡಲು ಬಂದ ಫುಟಾರೊ ಒಂದೇ ಬಸಿರಿನಲ್ಲಿ ಹುಟ್ಟಿದ ಐವರು ಅಕ್ಕತಂಗಿಯರಲ್ಲಿ ಒಬ್ಬಳನ್ನು ಮದುವೆಯಾಗುತ್ತಾನೆಂದು ಮೊದಲ ಕಂತೇ ಹೇಳಿಬಿಡುತ್ತದೆ. ಹಾಗಾಗಿ ಸಣ್ಣ ಘಟನೆಯೂ ಸುಳಿವಾಗುತ್ತದೆ. 2022ರ ಸಿನಿಮಾದಲ್ಲಿ ಉತ್ತರವೂ ಸಿಗುತ್ತದೆ. ದೋಷವಿಲ್ಲವೆಂದಲ್ಲ. 2ನೇ ಸೀಸನ್ನಿನ 12 ಕಂತುಗಳಲ್ಲಿ ಮಾಂಗಾದ (ಮೂಲ ಕಾಮಿಕ್ಸ್‌ನ) ಬಹಳಷ್ಟು ಭಾಗವನ್ನು ತುರುಕಿದ್ದಾರೆ. ಕ್ಯೋಟೊ ಪ್ರವಾಸದ ಹೊತ್ತಿಗೆ ಅಕ್ಕ ಇಚಿಕಾ, ತಂಗಿ ಮಿಕುವಿನ ವೇಷ ತೊಟ್ಟು ಫುಟಾರೊಗೆ ಮೋಸ ಮಾಡುವುದು ದಿಢೀರ್ ಅನ್ನಿಸುವುದು ಅದಕ್ಕೇ. ಅವಳ ಮನಸ್ಸು ಅಲ್ಲಿಗೆ ತಲುಪಿದ ದಾರಿಯನ್ನು ಅವಸರದಲ್ಲಿ ಮುಗಿಸಿಬಿಟ್ಟಿದ್ದಾರೆ.

‘ರೆಂಟ್-ಎ-ಗರ್ಲ್‌ಫ್ರೆಂಡ್’ (2020) ತೊಂದರೆ ಬುಡದಲ್ಲೇ ಇದೆ. ಹಣ ಕೊಟ್ಟು ಬಾಡಿಗೆಗೆ ಪಡೆದ ಚಿಜುರುವೇ ತನ್ನ ನಿಜವಾದ ಗೆಳತಿಯೆಂದು ನಾಯಕ ಕಜುಯಾ ತನ್ನ ಅಜ್ಜಿಗೆ ಹೇಳಿದ ಸುಳ್ಳಿನ ಮೇಲೆ ಕಥೆ ನಿಂತಿದೆ. ಸತ್ಯ ಹೊರಬಿದ್ದರೆ ಕಥೆಯೇ ಮುಗಿಯುತ್ತದೆ. ಆದ್ದರಿಂದ ಕಜುಯಾ ಬೆಳೆಯುವಂತಿಲ್ಲ. ಚಿಜುರುವನ್ನು ಉಳಿಸಲು ಸಮುದ್ರಕ್ಕೆ ಹಾರುವಷ್ಟು ಧೈರ್ಯವಿದ್ದವನು, ಮೊದಲ ಸೀಸನ್ನಿನ ಕೊನೆಯಲ್ಲಿ ನೀನೇ ಬೇಕೆಂದು ಹೇಳಿ, ಮರುಕ್ಷಣವೇ ‘ಬಾಡಿಗೆ ಗೆಳತಿಯಾಗಿ’ ಎಂದು ಮಾತು ತಿರುಗಿಸುತ್ತಾನೆ. ಅವನನ್ನು ಮನಸಾರೆ ಪ್ರೀತಿಸುವ ಇನ್ನೊಬ್ಬ ಹುಡುಗಿ ರುಕಾಳಿಗೂ ಖಚಿತ ಉತ್ತರವಿಲ್ಲ. ಇದು ನಿಜಕ್ಕೂ ಬೇಸರ ತರಿಸುತ್ತದೆ.

3ನೇ ಸೀಸನ್ನಿನಲ್ಲಿ ಚಿಜುರುವಿನ ಅಜ್ಜಿಗಾಗಿ ಸಿನಿಮಾ ಮಾಡುವ ಭಾಗ ಗಟ್ಟಿಯಾಗಿದೆ: ಅಲ್ಲಿ ಗುರಿಯಿದೆ, ಗಡುವಿದೆ. ಅದಕ್ಕಾಗಿ ಮೊದಲ 24 ಕಂತು ಕಾಯುವ ತಾಳ್ಮೆಯಿದ್ದರೆ ಇದನ್ನು ಆರಿಸಿ.