ಬಾವಿಗೆ ತಂದ ಮುಪ್ಪುರಿ ಹಗ್ಗ: ಎರಡು ತಿಂಗಳು ಬಳಸಿದ ಮೇಲೆ

ತೀರ್ಥಹಳ್ಳಿ ಪೇಟೆಯಲ್ಲಿ ಒಂದು ಹಗ್ಗದ ಅಂಗಡಿ. ಮುಂದಿನ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ‘ಮುಪ್ಪುರಿ ಹುರಿಹಗ್ಗ ಇದೆ’ ಅಂತ ಬರೆದಿತ್ತು. ನಿಜ ಹೇಳಬೇಕೆಂದರೆ ಹಗ್ಗಕ್ಕಿಂತ ಆ ಪದ ನೋಡಿಯೇ ಒಳಗೆ ಹೋದೆ. ಈ ಪದವನ್ನು ನಾನು ಈವರೆಗೆ ನೋಡಿದ್ದು ಆಮಂತ್ರಣ ಪತ್ರಿಕೆಗಳಲ್ಲಿ ಮಾತ್ರ: ‘ಸಾಹಿತ್ಯ, ಸಂಗೀತ, ನೃತ್ಯ ಮುಪ್ಪುರಿಗೊಂಡ ಸಂಜೆ’ ಅಂತೆಲ್ಲ ಹಾಕುತ್ತಾರಲ್ವಾ, ಹಾಗೆ. ನಿಜವಾದ ಹಗ್ಗಕ್ಕೆ ಯಾರಾದರೂ ಹಾಗೆ ಬರೆದದ್ದು ಕಂಡಿದ್ದು ಇದೇ ಮೊದಲು.

ಮೊದಲು ಹಳೆಯ ಕಥೆ. ನಮ್ಮ ಸೇದುವ ಬಾವಿಗೆ ಮನೆಯಲ್ಲೇ ಕೂತು ಫೋನಿನಲ್ಲಿ ನೀಲಿ ಪ್ಲಾಸ್ಟಿಕ್ ಹಗ್ಗ ತರಿಸಿದ್ದೆ. ಒಳಗೆ ಟೊಳ್ಳು, ಮೇಲೆ ಜಡೆಯ ಹಾಗೆ ಹೆಣೆದದ್ದು. ಒದ್ದೆ ಕೈಗೆ ಹಾವಿನಂತೆ ಜಾರುತ್ತಿತ್ತು. ಒಂದು ಬೆಳಿಗ್ಗೆ ಗಂಟು ಬಿಚ್ಚಿಕೊಂಡು ಕೊಡ ಸೀದಾ ಬಾವಿಗೆ ಹೋಯಿತು, ಅದನ್ನು ಪಾತಾಳಗರಡಿ ಹಾಕಿ ಎತ್ತುವಷ್ಟರಲ್ಲಿ ಮಧ್ಯಾಹ್ನವಾಗಿ ಅಮ್ಮನ ಬಾಯಿಗೆ ಸಿಕ್ಕಿಬಿದ್ದೆ.

ಈಗಿನ ಹಗ್ಗ ತೆಂಗಿನ ನಾರಿನದು, ಹೆಬ್ಬೆರಳು ದಪ್ಪ. ತೂಕದ ಲೆಕ್ಕದಲ್ಲಿ ಕೊಟ್ಟರು, ಹತ್ತು ಮಾರಿಗೆ 420 ರೂಪಾಯಿ ಆಯಿತು. ಮನೆಗೆ ತಂದಾಗ ಅಕ್ಕನ ಮಗ ಕೇಳಿದ, “ಮಾವ, ಮುಪ್ಪು ಅಂದ್ರೆ ವಯಸ್ಸಾಗೋದಲ್ವಾ? ಹಳೇ ಹಗ್ಗಕ್ಕೆ ಯಾಕೆ ದುಡ್ಡು ಕೊಟ್ಟೆ?” ಪ್ರಶ್ನೆ ಚೆನ್ನಾಗಿತ್ತು. ಆದರೆ ಇದು ಆ ಮುಪ್ಪಲ್ಲ. ಮುಕ್ಕಾಲು, ಮುಕ್ಕಣ್ಣ, ಮುಮ್ಮಡಿ ಕೃಷ್ಣರಾಜ ಒಡೆಯರ್, ಇಲ್ಲೆಲ್ಲ ಮೂರು ಚಿಕ್ಕದಾಗಿ ‘ಮು’ ಆಗಿ ಮುಂದಿನ ಅಕ್ಷರವನ್ನು ಒತ್ತಿ ಹಿಡಿಯುತ್ತದೆ. ಪುರಿ ಅಂದರೆ ಹುರಿ, ಹೊಸೆದ ಎಳೆ. ಪಾಲು ಹಾಲಾದ ಹಾಗೆ, ಪೂವು ಹೂವಾದ ಹಾಗೆ ಪುರಿಯೂ ಹುರಿ ಆಯಿತು. ಆದರೆ ಒತ್ತಕ್ಷರದ ಒಳಗೆ ಸಿಕ್ಕಿಕೊಂಡ ಪಕಾರ ಮಾತ್ರ ಹಾಗೇ ಉಳಿಯಿತು. ಹತ್ತು ಅನ್ನುತ್ತೇವೆ, ಆದರೆ ಇಪ್ಪತ್ತು ಅನ್ನುವಾಗ ಹಳೆಯ ಪತ್ತು ಇನ್ನೂ ಅಲ್ಲೇ ಕೂತಿದೆ ನೋಡಿ. ಹಾಗಾಗಿ ‘ಮುಪ್ಪುರಿ ಹುರಿಹಗ್ಗ’ ಅಂದರೆ ಒಂದೇ ಪದ ಎರಡು ಸಲ, ಒಂದು ಹಳಗನ್ನಡದ್ದು, ಒಂದು ಈಗಿನದು! ಹುಡುಗನಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ, ಎದ್ದು ಹೋದ.

ತುದಿ ಬಿಚ್ಚಿ ನೋಡಿದೆ. ಮೂರು ಎಳೆ, ಒಂದೊಂದೂ ಕಿರುಬೆರಳಿಗಿಂತ ಸಣ್ಣದು. ಎಳೆಯನ್ನು ಒಂದು ದಿಕ್ಕಿಗೆ ಹೊಸೆದಿದ್ದಾರೆ, ಮೂರನ್ನೂ ಸೇರಿಸಿ ಹಗ್ಗ ಮಾಡುವಾಗ ಎದುರು ದಿಕ್ಕಿಗೆ ಸುತ್ತಿದ್ದಾರೆ. ಎಳೆ ತನ್ನ ಪಾಡಿಗೆ ಬಿಚ್ಚಿಕೊಳ್ಳಲು ಹೋದರೆ ಹಗ್ಗ ಬಿಗಿಯಾಗುತ್ತದೆ, ಹಗ್ಗ ಬಿಚ್ಚಿಕೊಳ್ಳಲು ಹೋದರೆ ಎಳೆ ಬಿಗಿಯಾಗುತ್ತದೆ, ಒಂದನ್ನೊಂದು ಬಿಡುವುದಿಲ್ಲ. ಮೂರೇ ಯಾಕೆ ಅಂದಿದ್ದಕ್ಕೆ ಅಂಗಡಿ ಯಜಮಾನರು “ನಾಲ್ಕಾದ್ರೆ ನಡುವೆ ಪೊಳ್ಳು ಬರ್ತದೆ ಮಾರಾಯ್ರೆ, ಅದನ್ನ ತುಂಬೋಕೆ ಒಳಗೆ ಇನ್ನೊಂದು ಎಳೆ ಹಾಕ್ಬೇಕು” ಅಂದರು. ಮೂರಾದರೆ ಒಂದಕ್ಕೊಂದು ಒರಗಿ ತಾವೇ ಕೂರುತ್ತವೆ.

ನನಗೆ ಬಹಳ ಇಷ್ಟವಾದದ್ದು ಅವರು ಕೊಡಕ್ಕೆ ಕುಣಿಕೆ ಮಾಡಿಕೊಟ್ಟ ರೀತಿ. ಗಂಟೇ ಇಲ್ಲ. ತುದಿಯ ಮೂರು ಎಳೆ ಬಿಡಿಸಿ, ಹಗ್ಗವನ್ನು ಬಾಗಿಸಿ ತಂದು, ಅದರ ಮೈಯಲ್ಲೇ ಮೊಳೆಯಿಂದ ಸಂದಿ ಮಾಡಿಕೊಂಡು ಒಂದೊಂದೇ ಎಳೆಯನ್ನು ಒಳಗೆ ತೂರಿಸಿ ಎಳೆದರು. ಹೀಗೆ ಮೂರು ಸುತ್ತು. ಅದಕ್ಕೆ ದುಡ್ಡೂ ತೆಗೆದುಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಒಂದಿಷ್ಟೂ ಸಡಿಲವಾಗಿಲ್ಲ. ಹಗ್ಗ ತುಂಡಾದರೂ ಹೀಗೇ ಎಳೆಗೆ ಎಳೆ ಸೇರಿಸಬಹುದಂತೆ, ರಾಟೆಗೆ ಸಿಕ್ಕಿಕೊಳ್ಳುವ ಗಂಟು ಇರುವುದಿಲ್ಲ.

ತೊಂದರೆ ಇಲ್ಲವೇ? ಇದೆ. ಮೊದಲ ಮೂರು ನಾಲ್ಕು ದಿನ ನಾರು ಉದುರಿ ನೀರು ಚಹಾ ಬಣ್ಣಕ್ಕೆ ತಿರುಗಿತ್ತು, ಒಂದು ರಾತ್ರಿ ನೆನೆಹಾಕಿ ತೊಳೆದು ಕಟ್ಟಬೇಕಿತ್ತು. ಕೈಗೆ ಚುಚ್ಚುತ್ತದೆ. ನೆನೆದರೆ ಭಾರ ಜಾಸ್ತಿ. ಇನ್ನೊಂದು, ತುಂಬಿದ ಕೊಡ ಮೇಲೆ ಬರುವಾಗ ಬುಗುರಿಯ ಹಾಗೆ ಮೆಲ್ಲಗೆ ತಿರುಗುತ್ತದೆ, ಭಾರಕ್ಕೆ ಹುರಿ ಸ್ವಲ್ಪ ಬಿಚ್ಚಿಕೊಳ್ಳಲು ನೋಡುತ್ತದಲ್ಲ, ಅದಕ್ಕೆ. ಹೆಣೆದ ಹಗ್ಗದಲ್ಲಿ ಈ ಕಾಟ ಇರಲಿಲ್ಲ. ಅಕ್ಕನ ಮಗನಿಗೆ ಮಾತ್ರ ಅದೇ ಆಟ.

ಐದಕ್ಕೆ ನಾಲ್ಕು ಕೊಡುತ್ತೇನೆ. ತರುವುದಾದರೆ ಅಂಗಡಿಯಲ್ಲಿ ‘ಮೂರೆಳೆ ಹಗ್ಗ’ ಅಂತಲೇ ಕೇಳಿ. ಹಲಗೆ ಬರೆದದ್ದು ಯಜಮಾನರು, ಅವರು ಊಟಕ್ಕೆ ಹೋಗಿದ್ದಾಗ ನಾನು “ಮುಪ್ಪುರಿ ಕೊಡಪ್ಪಾ” ಅಂದರೆ ಕೆಲಸದ ಹುಡುಗ ಸುಮ್ನೆ ಎದುರಿನ ಪಾನಿಪುರಿ ಗಾಡಿ ತೋರಿಸಿದ.